ಧಾರವಾಡದ ಮುಸುವಗಳು ಎತ್ತಿದ ಪ್ರಶ್ನೆ: ಮನುಷ್ಯ ಸ್ವಭಾವವನ್ನು ಮಂಗಗಳ ಜೊತೆ ಹೋಲಿಸುವುದು ಹೇಗೆ?

1961ರಿಂದ 1963ರವರೆಗೆ ಧಾರವಾಡದ ಪಶ್ಚಿಮದ ಕಾಡಿನಲ್ಲಿ ಜಪಾನ್ ಮತ್ತು ಭಾರತದ ಜಂಟಿ ತಂಡವೊಂದು ಕಪ್ಪು ಮೋರೆಯ, ಉದ್ದ ಬಾಲದ ಮಂಗಗಳಾದ ಮುಸುವಗಳ ಬೆನ್ನು ಹತ್ತಿತ್ತು. ಕ್ಯೋಟೋದಿಂದ ಬಂದ ಯುಕಿಮಾರು ಸುಗಿಯಾಮಾ, ಕೆ. ಯೋಶಿಬಾ, ನಮ್ಮವರೇ ಆದ ಎಂ. ಡಿ. ಪಾರ್ಥಸಾರಥಿ ಅದರಲ್ಲಿದ್ದರು. ಪ್ರತಿಯೊಂದು ಪ್ರಾಣಿಯನ್ನೂ ಮುಖ ನೋಡಿ ಗುರುತಿಟ್ಟುಕೊಳ್ಳುವುದು, ಒಂದೇ ಗುಂಪನ್ನು ತಿಂಗಳುಗಟ್ಟಲೆ ಹಿಂಬಾಲಿಸುವುದು ಅವರ ಕ್ರಮ. 1962ರಲ್ಲಿ ಅವರ ಕಣ್ಣೆದುರೇ ಒಂದು ಗುಂಪಿನ ಮೇಲೆ ಹೊರಗಿನ ಏಳು ಗಂಡುಗಳ ಪಡೆ ಏರಿ ಬಂತು. ಗುಂಪಿನಲ್ಲಿದ್ದ ಒಂದೇ ಗಂಡು ಸೋತು ಹೊರಬಿತ್ತು. ಬಂದ ಏಳರಲ್ಲಿ ಒಂದು ಉಳಿದ ಆರನ್ನೂ ಓಡಿಸಿ ತಾನೇ ಒಡೆಯನಾಯಿತು. ಅನಂತರ ಒಂದೊಂದಾಗಿ ಮರಿಗಳು ಕಚ್ಚಿಸಿಕೊಂಡು ಸತ್ತವು. ಮರಿ ಕಳೆದುಕೊಂಡ ತಾಯಂದಿರು ಸ್ವಲ್ಪ ಕಾಲದಲ್ಲೇ ಬೆದೆಗೆ ಬಂದು ಅದೇ ಹೊಸ ಗಂಡಿನ ಜೊತೆ ಕೂಡಿದವು.

1965ರಲ್ಲಿ ಸುಗಿಯಾಮಾ ಇದನ್ನು ಪ್ರಕಟಿಸಿದರು. ಇನ್ನೊಂದು ಗುಂಪಿನಿಂದ ಅವರು ಗಂಡನ್ನು ಬೇಕೆಂದೇ ತೆಗೆದು ನೋಡಿದ್ದರು. ಅಲ್ಲಿಯೂ ಪಕ್ಕದ ಗುಂಪಿನ ಗಂಡು ಒಳಹೊಕ್ಕು ಮರಿಗಳನ್ನು ಕಚ್ಚಿತು. ಮನುಷ್ಯ ಹುಟ್ಟಾ ಕ್ರೂರಿಯೋ, ಸಾಧುವೋ ಎಂದು ಆಗ ಜಗತ್ತಿನಲ್ಲೆಲ್ಲ ಬಿಸಿಬಿಸಿ ವಾದ ನಡೆದಿತ್ತು. ಧಾರವಾಡದ ಈ ವರದಿ ನೇರವಾಗಿ ಅದರ ನಡುವೆ ಬಿತ್ತು. ಮುಂದಿನ ನಲವತ್ತು ವರ್ಷ ಅದರ ಸುತ್ತ ನಡೆದ ಜಗಳ, ಲೆಕ್ಕ, ಪರೀಕ್ಷೆಗಳನ್ನು ಕ್ರಮವಾಗಿ ನೋಡಿದರೆ, ಪ್ರಾಣಿಗಳಿಂದ ಮನುಷ್ಯನ ಬಗ್ಗೆ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎರಡೂ ಗೊತ್ತಾಗುತ್ತವೆ. ನಮ್ಮ ಊರ ಮಗ್ಗುಲಲ್ಲೇ ಶುರುವಾದ ಚರ್ಚೆ ನಮಗೇ ಇಷ್ಟು ಕಡಿಮೆ ಗೊತ್ತಿರುವುದು ಬೇಸರದ ಸಂಗತಿ.

ಮೊದಲ ಆಕ್ಷೇಪಣೆ ಬೇಗ ಬಂತು, ಅದು ಹಗುರವಾದದ್ದೂ ಅಲ್ಲ. ಅಮೆರಿಕದ ಫಿಲ್ಲಿಸ್ ಜೇ 1958ರಿಂದ 1960ರವರೆಗೆ ಉತ್ತರ ಪ್ರದೇಶದ ಕೌಕೋರಿ ಮತ್ತು ಬಸ್ತರಿನ ಓರ್ಛಾದಲ್ಲಿ ಮುಸುವಗಳನ್ನು ನೋಡಿದ್ದರು. ಅವರು ಕಂಡದ್ದು ಶಾಂತ ಗುಂಪುಗಳನ್ನು. ಒಂದೇ ಗುಂಪಿನಲ್ಲಿ ಹಲವು ಗಂಡುಗಳು ಕೂಡಿ ಬಾಳುತ್ತಿದ್ದವು. ಧಾರವಾಡದಲ್ಲಾದರೋ ಚದರ ಕಿಲೋಮೀಟರಿಗೆ ನೂರರ ಆಸುಪಾಸು ಮುಸುವಗಳಿದ್ದವು. ಹೀಗೆ ಒತ್ತೊತ್ತಾಗಿ ಬದುಕಬೇಕಾದಾಗ ಪ್ರಾಣಿಯ ನಡತೆ ಕೆಡುತ್ತದೆ, ಮರಿಹತ್ಯೆ ಒಂದು ವಿಕಾರ, ಅದು ಜಾತಿಯ ಸಹಜ ಸ್ವಭಾವವಲ್ಲ ಎಂಬುದು ಈ ಪಕ್ಷದ ವಾದ.

ಎದುರು ಪಕ್ಷದ ವಾದವನ್ನು 1970ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ರಾಜಸ್ಥಾನದ ಅಬು ಬೆಟ್ಟದ ಮುಸುವಗಳನ್ನು ನೋಡಿ ಮಂಡಿಸಿದರು. ಅದರ ಬೆನ್ನೆಲುಬು ಒಂದು ಸರಳ ಲೆಕ್ಕ. ಅಬುವಿನಲ್ಲಿ ಒಂದು ಗಂಡು ಗುಂಪಿನ ಒಡೆಯನಾಗಿ ಉಳಿಯುತ್ತಿದ್ದುದು ಸರಾಸರಿ ಸುಮಾರು ಎರಡೂಕಾಲು ವರ್ಷ. ಮುಸುವದ ಬಸಿರು ಆರೂವರೆ ತಿಂಗಳು. ಹಾಲು ಕುಡಿಸುವ ತಾಯಿ ಬೆದೆಗೆ ಬರುವುದಿಲ್ಲ, ಮರಿ ಹಾಲು ಬಿಡಲು ಒಂದು ವರ್ಷದ ಮೇಲಾಗುತ್ತದೆ. ಹೊಸ ಗಂಡು ಅಲ್ಲಿಯವರೆಗೆ ಕಾದರೆ ಅವಧಿಯ ಅರ್ಧ ಅಲ್ಲೇ ಮುಗಿದುಹೋಗುತ್ತದೆ. ಅದರ ಮರಿಗಳು ಹಾಲು ಬಿಡುವ ಮೊದಲೇ ಇನ್ನೊಂದು ಗಂಡು ಬಂದರೂ ಬಂತು. ಹಳೆಯ ಗಂಡಿನ ಮರಿ ಸತ್ತರೆ ತಾಯಿ ಕೆಲವೇ ವಾರಗಳಲ್ಲಿ ಮತ್ತೆ ಗರ್ಭಕ್ಕೆ ಸಿದ್ಧ. ಹೀಗೆ ಮಾಡುವ ಗಂಡಿನ ಸಂತಾನ ಹೆಚ್ಚುತ್ತದೆ, ಆ ಪ್ರವೃತ್ತಿ ಮುಂದಿನ ಪೀಳಿಗೆಗೆ ದಾಟುತ್ತದೆ. ಮುಸುವಕ್ಕೆ ಈ ಲೆಕ್ಕ ಗೊತ್ತಿರಬೇಕಾಗಿಲ್ಲ.

ಹೆಣ್ಣುಗಳು ಸುಮ್ಮನಿರುವುದಿಲ್ಲ ಎಂಬುದನ್ನೂ ಹರ್ಡಿ ಅಷ್ಟೇ ಒತ್ತಿ ಹೇಳಿದರು. ಬಸಿರಿದ್ದಾಗಲೂ ಹೊಸ ಗಂಡಿನ ಜೊತೆ ಕೂಡುತ್ತವೆ. ಹುಟ್ಟುವ ಮರಿ ಯಾರದೆಂಬುದು ಮಸುಕಾಗಲಿ ಎಂದೇ ಇದಿರಬೇಕು ಎಂಬುದು ಅವರ ವಿವರಣೆ. ಹೆರುವ ವಯಸ್ಸು ದಾಟಿದ ಮುದಿ ಹೆಣ್ಣುಗಳು ಮುನ್ನುಗ್ಗಿ ಗಂಡನ್ನು ತಡೆಯುತ್ತವೆ.

ಎರಡು ವಾದಗಳಲ್ಲಿ ಯಾವುದು ಸರಿ ಎಂದು ಮಾತಿನಿಂದ ತೀರ್ಮಾನವಾಗುವುದಿಲ್ಲ. ಎರಡೂ ಬೇರೆ ಬೇರೆ ಫಲಿತಾಂಶ ನುಡಿಯುವ ಜಾಗ ಹುಡುಕಬೇಕು. ಒತ್ತಡದ ವಿಕಾರವಾಗಿದ್ದರೆ ಗಂಡು ಸಿಕ್ಕ ಮರಿಯನ್ನು ಕಚ್ಚಬೇಕು, ತನ್ನದನ್ನೂ ಸೇರಿಸಿ. ಹರ್ಡಿಯ ಲೆಕ್ಕ ಸರಿಯಾಗಿದ್ದರೆ ತನ್ನ ಮರಿಗಳನ್ನು ಬಿಡಬೇಕು. ನೇಪಾಳದ ರಾಮನಗರದಲ್ಲಿ ಕರೋಲಾ ಬೋರೀಸ್ ಮತ್ತು ಸಂಗಡಿಗರು ಮುಸುವಗಳ ಸಗಣಿಯಿಂದ ಡಿಎನ್‌ಎ ತೆಗೆದು ತಂದೆತನ ಪತ್ತೆ ಹಚ್ಚಿದರು. 1999ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ದಾಳಿ ಮಾಡಿದ ಗಂಡು ಆ ಮರಿಯ ತಂದೆಯಾಗಿದ್ದ ಒಂದು ಪ್ರಕರಣವೂ ಇರಲಿಲ್ಲ. ಜೇ ಕಂಡ ಶಾಂತಿಯೂ ಸುಳ್ಳಲ್ಲ. ಹಲವು ಗಂಡುಗಳಿರುವ ಗುಂಪಿನಲ್ಲಿ ಒಡೆತನ ಒಮ್ಮೆಗೇ ಕೈ ಬದಲಿಸುವುದು ಅಪರೂಪ, ಮರಿ ತನ್ನದಿರಬಹುದೆಂಬ ಸಾಧ್ಯತೆ ಹಲವು ಗಂಡುಗಳಿಗಿರುತ್ತದೆ. ಪ್ರಾಣಿ ಒಂದೇ, ಪರಿಸ್ಥಿತಿ ಬೇರೆ, ನಡತೆ ಬೇರೆ. ಸ್ವಭಾವ ಎಂದರೆ ಎಲ್ಲೆಡೆ ಒಂದೇ ರೀತಿ ನಡೆಯುವುದು ಎಂದುಕೊಂಡರೆ ಇಲ್ಲೇ ಎಡವುತ್ತೇವೆ. ಯಾವ ಪರಿಸ್ಥಿತಿಯಲ್ಲಿ ಯಾವ ನಡತೆ ಹೊರಬರುತ್ತದೆ ಎಂಬ ನಂಟೇ ಸ್ವಭಾವ.

ವಂಶವೃಕ್ಷದಲ್ಲಿ ನಮ್ಮ ಕೊಂಬೆ

ಮುಸುವ ಹೀಗೆ ಮಾಡುತ್ತದೆ, ಆದ್ದರಿಂದ ಮನುಷ್ಯನ ರಕ್ತದಲ್ಲೂ ಅದಿದೆ ಎನ್ನಲು ಬರುತ್ತದೆಯೇ? ಬರುವುದಿಲ್ಲ. ಮುಸುವ, ಕೆಂಪು ಮೂತಿಯ ಮಂಗ ಇವುಗಳ ಕವಲು ನಮ್ಮ ಕವಲಿನಿಂದ ಒಡೆದು ಎರಡೂವರೆ ಕೋಟಿ ವರ್ಷಕ್ಕೂ ಮೇಲಾಯಿತು. ಚಿಂಪಾಂಜಿ, ಅದರ ಹತ್ತಿರದ ಬಂಧುವಾದ ಬೊನೊಬೊ ಎಂಬ ವಾನರ ಇವುಗಳಿಂದ ನಾವು ಬೇರೆಯಾದದ್ದು ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ಇಂದಿನ ಯಾವ ಮಂಗವೂ ನಮ್ಮ ಪೂರ್ವಜನಲ್ಲ. ಎಲ್ಲವೂ ಅಷ್ಟೇ ಕಾಲ ಬದಲಾಗುತ್ತಾ ಬಂದ ದಾಯಾದಿಗಳು.

ಹೋಲಿಕೆ ಎರಡು ಬಗೆಯದು. ಮೊದಲನೆಯದು ಹಂಚಿಕೊಂಡ ಪೂರ್ವಜನಿಂದ ಬಂದದ್ದು: ಬೆರಳಿಗೆ ಉಗುರು, ಎದುರು ನೋಡುವ ಎರಡು ಕಣ್ಣು, ಒಂದೇ ಮರಿಗೆ ವರ್ಷಗಟ್ಟಲೆ ಆರೈಕೆ. ಇಂಥದನ್ನು ಗುರುತಿಸಬೇಕಾದರೆ ಆ ಗುಣ ಹತ್ತಿರದ ಕವಲುಗಳಲ್ಲೆಲ್ಲ ಇದೆಯೇ ಎಂದು ನೋಡಬೇಕು. ಎರಡನೆಯದು ಒಂದೇ ಬಗೆಯ ಪರಿಸ್ಥಿತಿ ದೂರದ ಪ್ರಾಣಿಗಳಲ್ಲೂ ಒಂದೇ ಬಗೆಯ ನಡತೆ ಮೂಡಿಸುವುದು. ಮರಿಹತ್ಯೆ ಎರಡನೆಯ ಬಗೆ. 2014ರಲ್ಲಿ ಡೀಟರ್ ಲುಕಾಸ್ ಮತ್ತು ಎಲಿಸ್ ಹ್ಯುಶಾರ್ 260 ಬಗೆಯ ಸಸ್ತನಿಗಳನ್ನು ಹೋಲಿಸಿದರು. 119ರಲ್ಲಿ ಗಂಡು ಮರಿಗಳನ್ನು ಕೊಲ್ಲುವುದು ದಾಖಲಾಗಿತ್ತು. ಸಿಂಹ ಅದರಲ್ಲಿದೆ, ಇಲಿ ಇದೆ. ಕೆಲವೇ ಗಂಡುಗಳು ಸ್ವಲ್ಪ ಕಾಲ ಎಲ್ಲ ಹೆಣ್ಣುಗಳನ್ನೂ ಹಿಡಿತದಲ್ಲಿಟ್ಟುಕೊಳ್ಳುವ ಕಡೆ ಅದು ಹುಟ್ಟಿಕೊಳ್ಳುತ್ತದೆ. ಧಾರವಾಡದ ಮುಸುವದ ಕಥೆ ನಮ್ಮ ಪಿತ್ರಾರ್ಜಿತದ ಬಗ್ಗೆ ಹೇಳುವುದು ಕಡಿಮೆ, ಅಧಿಕಾರದ ಆಯಸ್ಸಿಗೂ ಹಿಂಸೆಗೂ ಇರುವ ನಂಟಿನ ಬಗ್ಗೆ ಹೇಳುವುದು ಹೆಚ್ಚು. ಮತ್ತು ಪ್ರಕೃತಿಯಲ್ಲಿ ಒಂದು ನಡತೆ ಇದೆ ಎಂದರೆ ಅದು ಸರಿ ಎಂದಾಗುವುದಿಲ್ಲ. ಸಿಡುಬೂ ಪ್ರಕೃತಿಯದೇ ಆಗಿತ್ತು.

ಹತ್ತಿರದ ದಾಯಾದಿಗಳ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು. ಚಿಂಪಾಂಜಿ ಮತ್ತು ಬೊನೊಬೊ ಎರಡೂ ನಮಗೆ ಸಮಾನ ಹತ್ತಿರ, ಆದರೆ ಎರಡರ ನಡತೆ ಒಂದೇ ಅಲ್ಲ. 1974ರಿಂದ ನಾಲ್ಕು ವರ್ಷ ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಒಂದು ಚಿಂಪಾಂಜಿ ಗುಂಪಿನ ಗಂಡುಗಳು ತಮ್ಮಿಂದಲೇ ಬೇರೆಯಾಗಿ ಹೋಗಿದ್ದ ಗುಂಪಿನ ಗಂಡುಗಳನ್ನು ಒಬ್ಬೊಬ್ಬರಾಗಿ ಹುಡುಕಿ ಕೊಂದವು. ಅಲ್ಲಿ ಚಿಂಪಾಂಜಿಗಳ ಅಧ್ಯಯನ ನಡೆಸುತ್ತಿದ್ದ ಜೇನ್ ಗುಡಾಲ್ ಅವುಗಳಿಗೆ ಬಾಳೆಹಣ್ಣು ಹಾಕುತ್ತಿದ್ದರು, ಮನುಷ್ಯರ ಹಸ್ತಕ್ಷೇಪದಿಂದಲೇ ಇದಾಯಿತು ಎಂಬ ವಾದ ಬಂತು. ಧಾರವಾಡದಲ್ಲಿ ಎದ್ದದ್ದೂ ಇಂಥದೇ ಆಕ್ಷೇಪಣೆ ಎಂಬುದನ್ನು ಗಮನಿಸಬೇಕು. 2014ರಲ್ಲಿ ಮೈಕಲ್ ವಿಲ್ಸನ್ ಮತ್ತು ಅನೇಕ ಸಂಶೋಧಕರು ಕೂಡಿ 18 ಚಿಂಪಾಂಜಿ ಸಮುದಾಯಗಳ, 4 ಬೊನೊಬೊ ಸಮುದಾಯಗಳ ದಾಖಲೆ ಒಟ್ಟುಗೂಡಿಸಿದರು. ಚಿಂಪಾಂಜಿಗಳಲ್ಲಿ ಕಣ್ಣಾರೆ ಕಂಡದ್ದು, ಊಹಿಸಿದ್ದು, ಶಂಕಿಸಿದ್ದು ಸೇರಿ 152 ಕೊಲೆ. ಬೊನೊಬೊಗಳಲ್ಲಿ ಶಂಕೆಯ ಒಂದೇ ಪ್ರಕರಣ. ಮನುಷ್ಯರ ಹಸ್ತಕ್ಷೇಪ ಎಷ್ಟಿತ್ತು ಎಂಬುದಕ್ಕೂ ಕೊಲೆಗಳ ಸಂಖ್ಯೆಗೂ ತಾಳೆಯಾಗಲಿಲ್ಲ. ಗಂಡುಗಳ ಸಂಖ್ಯೆ, ಪ್ರಾಣಿಗಳ ದಟ್ಟಣೆಗೆ ತಾಳೆಯಾಯಿತು. ದಾಳಿಗಾರರು ಹೆಚ್ಚಾಗಿ ಗಂಡುಗಳು, ಸತ್ತವೂ ಹೆಚ್ಚಾಗಿ ಗಂಡುಗಳೇ. ಸಾಮಾನ್ಯವಾಗಿ ಎಂಟರ ಎದುರು ಒಂದು ಎಂಬ ಪ್ರಮಾಣದಲ್ಲಿ ದಾಳಿ ನಡೆದಿತ್ತು. ತಮಗೆ ಗಾಯವಾಗುವ ಸಾಧ್ಯತೆ ಬಹುತೇಕ ಇಲ್ಲದಾಗಲೇ ಅವು ಕೈ ಮಾಡುತ್ತವೆ.

ಹಾಗೆಂದು ಬೊನೊಬೊವನ್ನು ಸಾಧುವೆಂದು ತೀರ್ಮಾನಿಸುವುದೂ ಅವಸರವೇ. 2024ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಕಾಂಗೋದ ಕೊಕೊಲೊಪೊರಿಯ ಗಂಡು ಬೊನೊಬೊಗಳು ಗೊಂಬೆಯ ಗಂಡು ಚಿಂಪಾಂಜಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಜಗಳ ತೆಗೆದಿದ್ದವು. ಜಗಳ ಹೆಚ್ಚು, ಆದರೆ ಒಬ್ಬನ ಮೇಲೆ ಒಬ್ಬ. ಗುಂಪು ಕಟ್ಟಿ ಕೊಲ್ಲುವುದಿಲ್ಲ. ಬೊನೊಬೊಗಳಲ್ಲಿ ಗುಂಪು ಕಟ್ಟುವುದು ಹೆಣ್ಣುಗಳು.

ಇದರಿಂದ ಒಂದು ಉಪಯುಕ್ತ ಭೇದ ಸಿಗುತ್ತದೆ. ಚಿಂಪಾಂಜಿ ಸಂಶೋಧಕ ರಿಚರ್ಡ್ ರ‍್ಯಾಂಗಮ್ ಹಿಂಸೆಯನ್ನು ಎರಡಾಗಿ ಒಡೆದು ನೋಡಬೇಕೆನ್ನುತ್ತಾರೆ: ಕೆಣಕಿದ ಕೂಡಲೇ ಉಕ್ಕುವ ಸಿಟ್ಟಿನ ಹೊಡೆತ, ಮತ್ತು ಲೆಕ್ಕ ಹಾಕಿ, ಜೊತೆಗಾರರನ್ನು ಕೂಡಿಸಿಕೊಂಡು ಮಾಡುವ ದಾಳಿ. ಮೊದಲನೆಯದರಲ್ಲಿ ಮನುಷ್ಯ ಆಶ್ಚರ್ಯಪಡುವಷ್ಟು ಸೌಮ್ಯ. ಬೇಟೆ-ಸಂಗ್ರಹದ ಮೇಲೆ ಬದುಕುವ ಜನರ ಜೊತೆ ಹೋಲಿಸಿದರೆ ಚಿಂಪಾಂಜಿ ಗುಂಪಿನೊಳಗಿನ ಹೊಡೆದಾಟ ನೂರಾರು ಪಟ್ಟು ಹೆಚ್ಚು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಸಾವಿರಾರು ಅಪರಿಚಿತರು ಭುಜಕ್ಕೆ ಭುಜ ತಾಗಿಸಿ, ಕೈಯಲ್ಲಿ ಕೂಸು, ಎದುರಿಗೆ ತಿನಿಸು ಇಟ್ಟುಕೊಂಡು ನಿಲ್ಲುತ್ತಾರೆ. ಒಬ್ಬರಿಗೊಬ್ಬರು ಗುರುತಿಲ್ಲದ ಗಂಡು ಚಿಂಪಾಂಜಿಗಳು ಹಾಗೆ ನಿಂತರೆ ರಕ್ತ ಹರಿಯುತ್ತದೆ. ಎರಡನೆಯ ಬಗೆಯ ಹಿಂಸೆಯಲ್ಲಿ ನಾವು ಚಿಂಪಾಂಜಿಗೇನೂ ಕಡಿಮೆಯಿಲ್ಲ, ಆಯುಧ ಮತ್ತು ಭಾಷೆ ಕೂಡಿಕೊಂಡ ಮೇಲಂತೂ ಬಹಳ ಮುಂದೆ. ‘ಮನುಷ್ಯ ಒಳ್ಳೆಯವನೋ ಕೆಟ್ಟವನೋ’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದಕ್ಕೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದೇ ಕಾರಣ.

ಕೂಸು ಯಾರ ಕೈಯಲ್ಲಿ?

ಹಿಂಸೆಯ ಬಗ್ಗೆ ಇಷ್ಟು ಬರೆಯುವವರು ಕೂಸಿನ ಆರೈಕೆಯ ಬಗ್ಗೆ ಅಷ್ಟು ಬರೆಯುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಅಲ್ಲಿ. ಆ ಸುಳಿವು ಹಿಡಿದವರೂ ಮರಿಹತ್ಯೆಯ ಲೆಕ್ಕ ಹಾಕಿದ್ದ ಅದೇ ಸಾರಾ ಹರ್ಡಿ.

ಮುಸುವದ ಮರಿ ಹುಟ್ಟಿದ ದಿನವೇ ಕೈಯಿಂದ ಕೈಗೆ ಹೋಗುತ್ತದೆ. ಮೈಬಣ್ಣ ಕಪ್ಪು, ದೊಡ್ಡವುಗಳ ಬೂದು ಬಣ್ಣದ ನಡುವೆ ಎದ್ದು ಕಾಣುತ್ತದೆ. ಇನ್ನೂ ಹೆರದ ಹರೆಯದ ಹೆಣ್ಣುಗಳು ಅದನ್ನು ಎತ್ತಿಕೊಳ್ಳಲು ಪೈಪೋಟಿ ನಡೆಸುತ್ತವೆ, ತಾಯಿ ಅಷ್ಟು ಹೊತ್ತು ನಿರಾಳವಾಗಿ ಎಲೆ ಮೇಯುತ್ತದೆ. ಚಿಂಪಾಂಜಿ ತಾಯಿ ಹೀಗಲ್ಲ. ಮೊದಲ ಕೆಲವು ತಿಂಗಳು ಮರಿಯನ್ನು ಬೇರೆಯವರ ಕೈಗೆ ಕೊಡುವುದೇ ಇಲ್ಲ. ನಾಲ್ಕೈದು ವರ್ಷ ಹಾಲು ಕುಡಿಸುತ್ತದೆ, ಎರಡು ಹೆರಿಗೆಗಳ ನಡುವೆ ಐದಾರು ವರ್ಷ. ಒರಾಂಗುಟಾನಿನಲ್ಲಿ ಆ ಅಂತರ ಏಳೆಂಟು ವರ್ಷ. ಒಬ್ಬಳೇ ಸಾಕಬೇಕೆಂದರೆ ಒಂದು ಮರಿ ತನ್ನ ಊಟ ತಾನು ಹುಡುಕಿಕೊಳ್ಳುವವರೆಗೆ ಇನ್ನೊಂದನ್ನು ಹೆರಲಾಗದು.

ಈ ನಿಯಮದ ಪ್ರಕಾರ ಹೋದರೆ ಮನುಷ್ಯರಲ್ಲಿ ಅಂತರ ಇನ್ನೂ ಹೆಚ್ಚಿರಬೇಕಿತ್ತು. ನಮ್ಮ ಮಿದುಳು ಸುಮಾರು 1,350 ಗ್ರಾಂ, ಚಿಂಪಾಂಜಿಯದು 400ರ ಸುಮಾರು. ಐದು ವರ್ಷದ ಹೊತ್ತಿಗೆ ಮಗು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯ ಮೂರನೇ ಎರಡರಷ್ಟನ್ನು ಮಿದುಳೊಂದೇ ನುಂಗುತ್ತದೆ. ಬೇಟೆ-ಸಂಗ್ರಹದ ಸಮಾಜಗಳಲ್ಲಿ ಮಕ್ಕಳು ಹದಿನೆಂಟು-ಇಪ್ಪತ್ತರ ತನಕ ತಾವು ತಿನ್ನುವಷ್ಟನ್ನು ದುಡಿದು ತರುವುದಿಲ್ಲ. ಆದರೂ ಅದೇ ಸಮಾಜಗಳಲ್ಲಿ ತಾಯಂದಿರು ಮೂರು-ನಾಲ್ಕು ವರ್ಷಕ್ಕೊಮ್ಮೆ ಹೆರುತ್ತಾರೆ. ಅತಿ ದುಬಾರಿ ಮಗು, ಅತಿ ಕಡಿಮೆ ಅಂತರ. ಬೇರೆಯವರು ಉಣಿಸದೆ, ಎತ್ತಿಕೊಳ್ಳದೆ ಈ ಲೆಕ್ಕ ಕೂಡುವುದೇ ಇಲ್ಲ. ಮುಸುವದ ಚಿಕ್ಕಮ್ಮ ಮರಿಯನ್ನು ಎತ್ತಿಕೊಳ್ಳುತ್ತದೆ, ಆದರೆ ಉಣಿಸುವುದಿಲ್ಲ. ಮನುಷ್ಯರಲ್ಲಿ ತಂದೆ, ಅಜ್ಜಿ, ಅತ್ತಿಗೆ, ಎಂಟು ವರ್ಷದ ಅಕ್ಕ ಎಲ್ಲರೂ ಉಣಿಸುತ್ತಾರೆ.

ಅಜ್ಜಿಯ ಪಾತ್ರಕ್ಕೆ ಬೇರೆಯೇ ಮಹತ್ವವಿದೆ. ಮುಟ್ಟು ನಿಂತ ಮೇಲೂ ದಶಕಗಟ್ಟಲೆ ಬದುಕುವ ಪ್ರಾಣಿಗಳು ಬಹಳ ಇಲ್ಲ. ಮನುಷ್ಯರು, ಕೆಲವು ತಿಮಿಂಗಿಲಗಳು. 2023ರಲ್ಲಿ ಉಗಾಂಡಾದ ಎನ್ಗೋಗೋದ ಚಿಂಪಾಂಜಿಗಳಲ್ಲಿ ಐವತ್ತು ದಾಟಿದ ಹೆಣ್ಣುಗಳಿಗೆ ಮುಟ್ಟು ನಿಲ್ಲುವುದು ಕಂಡುಬಂತು. ಆದರೆ ಅಲ್ಲಿ ಮಗಳು ಬೇರೆ ಗುಂಪಿಗೆ ಹೋಗಿರುತ್ತಾಳೆ, ಮೊಮ್ಮಗುವನ್ನು ಸಾಕುವ ಅಜ್ಜಿ ಇಲ್ಲ. ತಾಂಜಾನಿಯಾದಲ್ಲಿ ಬೇಟೆ-ಸಂಗ್ರಹದ ಮೇಲೆ ಬದುಕುವ ಹಾಡ್ಜಾ ಜನರಲ್ಲಿ ವಯಸ್ಸಾದ ಹೆಂಗಸರು ಗಟ್ಟಿ ನೆಲದಿಂದ ಗೆಡ್ಡೆ ಅಗೆದು ಮೊಮ್ಮಕ್ಕಳಿಗೆ ಉಣಿಸುವುದನ್ನು ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ತೂಕ ಹಾಕಿ ತೋರಿಸಿದ್ದಾರೆ.

ಇಲ್ಲಿಂದ ಮುಂದಿನ ಮಾತು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಮುಸುವಗಳಲ್ಲಿ, ಕೆಂಪು ಮೂತಿಯ ಮಂಗಗಳಲ್ಲಿ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ, ಗಂಡು ಬಿಟ್ಟು ಹೋಗುತ್ತದೆ. ಚಿಂಪಾಂಜಿ, ಬೊನೊಬೊಗಳಲ್ಲಿ ಬಹುಮಟ್ಟಿಗೆ ಗಂಡು ಉಳಿಯುತ್ತದೆ, ಹೆಣ್ಣು ಹರೆಯಕ್ಕೆ ಬಂದಾಗ ಹೋಗುತ್ತದೆ. ಯಾರೇ ಹೋಗಲಿ, ಹೋದ ಮೇಲೆ ನಂಟು ಮುಗಿಯಿತು. ಗಡಿಯಾಚೆ ಸಿಕ್ಕ ಮರಿ ತನ್ನ ತಂಗಿಯದೇ ಇದ್ದರೂ ಗಂಡು ಚಿಂಪಾಂಜಿಗೆ ಅದು ಗೊತ್ತಾಗುವ ದಾರಿಯಿಲ್ಲ. ಮನುಷ್ಯರಲ್ಲಿ ಮಗಳು ಗಂಡನ ಮನೆಗೆ ಹೋದರೂ ತವರು ಉಳಿಯುತ್ತದೆ. ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಾನೆ, ಚೊಚ್ಚಲ ಹೆರಿಗೆ, ಬಾಣಂತನ ತಾಯಿಯ ಮನೆಯಲ್ಲಿ, ಸೋದರಮಾವನಿಗೆ ಕೂಸಿನ ಮೇಲೆ ಹಕ್ಕೂ ಹೊಣೆಯೂ ಇದೆ. ಎರಡು ಊರುಗಳ ನಡುವೆ ಬೀಗತನ ಏರ್ಪಡುತ್ತದೆ. ಕೆನಡಾದ ಮಾನವಶಾಸ್ತ್ರಜ್ಞ ಬರ್ನಾರ್ಡ್ ಶಾಪೇ ಮನುಷ್ಯ ಸಮಾಜದ ತಿರುವು ಇರುವುದೇ ಇಲ್ಲಿ ಎನ್ನುತ್ತಾರೆ. ಗಂಡ-ಹೆಂಡಿರ ನಂಟು ಗಟ್ಟಿಯಾದ ಮೇಲೆ ಮಗುವಿಗೆ ತಂದೆ ಯಾರೆಂದು, ತಾಯಿಯ ಕಡೆಯವರು ಯಾರೆಂದು ಎರಡೂ ಗೊತ್ತಾಯಿತು. ನೆರೆಯ ಗುಂಪಿನಲ್ಲೂ ತನ್ನವರಿದ್ದಾರೆ ಎಂಬುದು ತಿಳಿಯಿತು. ಗುಂಪುಗಳು ಒಂದರ ಮೇಲೊಂದು ಕೂಡಿ ದೊಡ್ಡ ಸಮಾಜವಾಗಲು ಬೇಕಾದ ಕೊಂಡಿ ಅದೇ. ದುರ್ಗದಬೈಲಿನ ಶಾಂತಿಗೂ ಇದರಲ್ಲಿ ಪಾಲಿದೆ ಎಂದು ನಂಬಲು ಸಾಕಷ್ಟು ಆಧಾರವಿದೆ.

ನಕಲು ಮಾಡುವುದು ಜಾಣತನವೇ?

ಬುದ್ಧಿಯ ಹೋಲಿಕೆಯಲ್ಲಿ ಜನ ನಿರೀಕ್ಷಿಸುವುದು ಒಂದು, ಕಂಡದ್ದು ಇನ್ನೊಂದು. 2007ರಲ್ಲಿ ಎಸ್ತರ್ ಹೆರ್ಮನ್, ಮೈಕಲ್ ಟೊಮಾಸೆಲೊ ಮತ್ತು ಸಂಗಡಿಗರು 106 ಚಿಂಪಾಂಜಿ, 32 ಒರಾಂಗುಟಾನ್, ಎರಡೂವರೆ ವರ್ಷದ 105 ಮಕ್ಕಳಿಗೆ ಒಂದೇ ಪರೀಕ್ಷಾ ಸರಣಿ ಕೊಟ್ಟರು. ಬಚ್ಚಿಟ್ಟ ತಿನಿಸು ಎಲ್ಲಿದೆ, ಯಾವ ರಾಶಿ ದೊಡ್ಡದು, ಯಾವ ಕೋಲಿನಿಂದ ಎಳೆದರೆ ಬರುತ್ತದೆ ಎಂಬಂಥವುಗಳಲ್ಲಿ ಮಕ್ಕಳೂ ಚಿಂಪಾಂಜಿಗಳೂ ಸರಿಸಮ. ನೋಡಿ ಕಲಿಯುವುದು, ಬೆರಳು ತೋರಿಸಿದ ಕಡೆ ಹುಡುಕುವುದು, ಎದುರಿನವರ ಉದ್ದೇಶ ಅರಿಯುವುದು ಇವುಗಳಲ್ಲಿ ಮಕ್ಕಳು ಬಹಳ ಮುಂದೆ. ಮಕ್ಕಳನ್ನು ಪರೀಕ್ಷಿಸಿದ್ದು ಅವರ ಜಾತಿಯವರೇ, ಚಿಂಪಾಂಜಿಗಳನ್ನು ಪರೀಕ್ಷಿಸಿದ್ದು ಬೇರೆ ಜಾತಿಯವರು ಎಂಬ ಆಕ್ಷೇಪಣೆ ಇದೆ, ಅದನ್ನು ತಳ್ಳಿಹಾಕಲಾಗದು.

ಅದಕ್ಕಿಂತ ತಿಳಿಯಾದ ಪ್ರಯೋಗ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ್ದು. ಒಂದು ಪೆಟ್ಟಿಗೆ. ಮೇಲೆ ಒಂದು ತೂತು, ಮುಂದೆ ಒಂದು ಬಾಗಿಲು. ಮಾಡಿ ತೋರಿಸುವವರು ಮೊದಲು ಮೇಲಿನ ತೂತಿನಲ್ಲಿ ಕೋಲು ತೂರಿಸಿ ಕುಟ್ಟುತ್ತಾರೆ, ಆಮೇಲೆ ಮುಂದಿನ ಬಾಗಿಲಿನಿಂದ ಬಹುಮಾನ ತೆಗೆಯುತ್ತಾರೆ. ಒಳಗೆ ಅಡ್ಡಗೋಡೆ ಇರುವುದರಿಂದ ಮೇಲೆ ಕುಟ್ಟುವುದು ದಂಡ. ಪೆಟ್ಟಿಗೆ ಕಪ್ಪಾಗಿದ್ದಾಗ ಚಿಂಪಾಂಜಿಗಳು ಎರಡೂ ಹೆಜ್ಜೆಗಳನ್ನು ನಕಲು ಮಾಡಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಮೇಲಿನ ಕುಟ್ಟುವಿಕೆ ಬಿಟ್ಟು ನೇರ ಬಾಗಿಲಿಗೆ ಕೈ ಹಾಕಿದವು. ಮೂರು-ನಾಲ್ಕು ವರ್ಷದ ಮಕ್ಕಳು ಅಡ್ಡಗೋಡೆ ಕಣ್ಣಿಗೆ ಕಂಡರೂ ಕುಟ್ಟಿದರು, ಆಮೇಲೆ ಬಾಗಿಲು ತೆರೆದರು.

ಚಿಂಪಾಂಜಿ ಇಲ್ಲಿ ಜಾಣ ಎನಿಸಬಹುದು. ಜೋಳದ ರೊಟ್ಟಿ ಕಲಿಯುವ ಹುಡುಗಿಯನ್ನು ನೋಡಿದರೆ ಲೆಕ್ಕ ತಿರುಗುತ್ತದೆ. ಎಸರು ಕುದಿಸಿ ಹಿಟ್ಟಿಗೆ ಹಾಕಬೇಕು, ಬಿಸಿ ಇರುವಾಗಲೇ ನಾದಬೇಕು, ಬಡಿದ ರೊಟ್ಟಿ ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ತಣ್ಣೀರಲ್ಲೇ ಕಲಸಿದರೆ ಕೆಲಸ ಕಡಿಮೆಯಲ್ಲವೇ? ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ. ಕುದಿಯುವ ನೀರು ಪಿಷ್ಟವನ್ನು ಅಂಟಾಗಿಸುತ್ತದೆ, ಅದರಿಂದಲೇ ರೊಟ್ಟಿ ಅಂಚು ಬಿರಿಯದೆ ತೆಳ್ಳಗೆ ಬರುತ್ತದೆ. ಈ ಕಾರಣ ಗೊತ್ತಿಲ್ಲದೆ ನೂರಾರು ವರ್ಷ ಹೆಂಗಸರು ಹದ ತಪ್ಪದೆ ರೊಟ್ಟಿ ಬಡಿದಿದ್ದಾರೆ, ಹುಡುಗಿ ‘ಯಾಕೆ’ ಎನ್ನುವ ಮೊದಲೇ ಹಾಗೆಯೇ ಮಾಡುತ್ತಾಳೆ. ಅರ್ಥವಾಗದ ಹೆಜ್ಜೆಯನ್ನೂ ಬಿಡದೆ ನಕಲು ಮಾಡುವ ಪ್ರಾಣಿಯಲ್ಲಿ ಒಬ್ಬರ ತಲೆಗೆ ಮೀರಿದ ತಿಳಿವಳಿಕೆ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತದೆ. ಅದೇ ಗುಣದಿಂದ ನಿರುಪಯೋಗಿ ಆಚರಣೆಗಳೂ ದಾಟಿ ಬರುತ್ತವೆ. ಎರಡೂ ಒಂದೇ ಬೇರಿನವು.

ಯಂತ್ರದ ಪರದೆಯ ಮೇಲೆ ಒಂದು ಕ್ಷಣ ಮಿಂಚಿದ ಅಂಕಿಗಳ ಜಾಗ ನೆನಪಿಡುವುದರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಅಯುಮು ಎಂಬ ಎಳೆಯ ಚಿಂಪಾಂಜಿ ವಿದ್ಯಾರ್ಥಿಗಳನ್ನು ಸೋಲಿಸಿದ್ದು 2007ರಲ್ಲಿ ದೊಡ್ಡ ಸುದ್ದಿಯಾಯಿತು. ಅಯುಮುವಿಗೆ ಬಹಳ ಅಭ್ಯಾಸವಿತ್ತು, ವಿದ್ಯಾರ್ಥಿಗಳಿಗೆ ಇರಲಿಲ್ಲ. ಅಭ್ಯಾಸ ಮಾಡಿದ ಮನುಷ್ಯರು ಆಮೇಲೆ ಅಯುಮುವಿನ ಮಟ್ಟ ಮುಟ್ಟಿದರು.

ಇಲ್ಲೇ ನೋಡಬೇಕೆನ್ನುವವರಿಗೆ

ಈ ಹೋಲಿಕೆಯ ಕಚ್ಚಾ ಸಾಮಗ್ರಿ ನಮ್ಮ ಸುತ್ತಮುತ್ತಲ ಊರುಗಳಲ್ಲೂ ಸಿಗುತ್ತದೆ. ಕಪ್ಪು ಮೋರೆ, ಬೂದು ಮೈ, ಮೈಗಿಂತ ಉದ್ದ ಬಾಲ ಇದ್ದರೆ ಮುಸುವ. ನೆತ್ತಿಯ ಮೇಲೆ ಬೈತಲೆ ತೆಗೆದ ಟೊಪ್ಪಿಗೆಯಂಥ ಕೂದಲು, ಕೆನ್ನೆಯಲ್ಲಿ ತಿನಿಸು ತುಂಬಿಕೊಳ್ಳುವ ಚೀಲ ಇದ್ದರೆ ಕೆಂಪು ಮೂತಿಯ ಮಂಗ. ಮುಸುವದ ಹೊಟ್ಟೆ ಎಲೆಯನ್ನು ಹುದುಗಿಸಿ ಅರಗಿಸುವಂಥದು, ಆದ್ದರಿಂದ ಅರ್ಧ ದಿನ ಕೂತೇ ಇರುತ್ತದೆ. ಹೊಸಬರು ಮುಸುವದಿಂದ ಶುರು ಮಾಡುವುದು ಸುಲಭ.

ಮೊದಲ ಒಂದೆರಡು ವಾರ ಗುರುತು ಹಿಡಿಯುವುದಕ್ಕೇ ಮೀಸಲಿಡಿ: ಹರಿದ ಕಿವಿ, ಮುರಿದ ಬಾಲ, ಮುಖದ ಗಾಯ. ಗುರುತು ಸಿಗದೆ ದಾಖಲೆ ಮಾಡಿದರೆ ‘ಒಂದು ಮಂಗ ಇನ್ನೊಂದನ್ನು ಅಟ್ಟಿತು’ ಎಂಬುದಕ್ಕಿಂತ ಹೆಚ್ಚೇನೂ ಉಳಿಯದು. 15–20 ಮೀಟರ್ ದೂರದಲ್ಲಿ ಕುಳಿತುಕೊಳ್ಳಿ. ಚೀಟಿ ಎತ್ತಿ ಒಂದು ಪ್ರಾಣಿಯನ್ನು ಆರಿಸಿ 10 ನಿಮಿಷ ಅದೊಂದನ್ನೇ ನೋಡಿ, ನಿಮಿಷಕ್ಕೊಮ್ಮೆ ಏನು ಮಾಡುತ್ತಿದೆ, ಕೈಯಳತೆಯಲ್ಲಿ ಯಾರಿದ್ದಾರೆ ಎಂದು ಬರೆಯಿರಿ. ಆಮೇಲೆ ಇನ್ನೊಂದು ಚೀಟಿ. ಪ್ರಾಣಿಗಳ ನಡತೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಲ್ಲಿ ಈ ಕ್ರಮವನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಾ ಹೋದರೆ ಕಣ್ಣು ಗದ್ದಲದ ಕಡೆ, ದೊಡ್ಡ ಗಂಡಿನ ಕಡೆ ಓಡುತ್ತದೆ. ಹೇನು ಹೆಕ್ಕುತ್ತಾ ಒಂದು ತಾಸು ಕೂತ ಎರಡು ಹೆಣ್ಣುಗಳು ಪುಸ್ತಕದಲ್ಲಿ ಬರುವುದೇ ಇಲ್ಲ. ಪ್ರಾಣಿ ಸಮಾಜವೆಂದರೆ ಗಂಡುಗಳ ಕಾದಾಟ ಎಂಬ ಕಲ್ಪನೆ ಬಹಳ ಕಾಲ ಉಳಿದದ್ದರಲ್ಲಿ ಈ ತಪ್ಪಿನ ಪಾಲು ದೊಡ್ಡದು.

ಮುಖಭಾವ ಓದುವಾಗ ನಮ್ಮ ಅರ್ಥವನ್ನು ಹಚ್ಚಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಬಾಯಿ ಗುಂಡಗೆ ತೆರೆದರೆ ಬೆದರಿಕೆ. ತುಟಿ ಹಿಂದಕ್ಕೆಳೆದು ಹಲ್ಲು ತೋರಿಸಿದರೆ ಹೆದರಿಕೆ ಅಥವಾ ಶರಣಾಗತಿ. ನಮ್ಮ ನಗುಮುಖದ ಮೂಲ ಆ ಭಾವದಲ್ಲೇ ಇದೆ ಎಂದು ಯಾನ್ ವಾನ್ ಹೂಫ್ 1970ರ ದಶಕದಲ್ಲಿ ವಾದಿಸಿದರು. ದೊಡ್ಡ ನಗೆಯ ಬೇರು ಬೇರೆ ಕಡೆ, ಮರಿಗಳು ಆಡುವಾಗ ಸಡಿಲವಾಗಿ ತೆರೆಯುವ ಬಾಯಲ್ಲಿ. ಮಂಗವನ್ನು ದಿಟ್ಟಿಸುವ ಮಗುವಿಗೆ ಅಪಾಯ ಹೆಚ್ಚು, ಅದರಲ್ಲೂ ಕೈಯಲ್ಲಿ ತಿನಿಸಿದ್ದರೆ. ಎದುರಾದರೆ ನೋಟ ಪಕ್ಕಕ್ಕೆ ಹೊರಳಿಸಿ, ಬೆನ್ನು ತೋರಿಸಿ ಓಡದೆ ನಿಧಾನ ಹಿಂದೆ ಸರಿಯಬೇಕು. ಸತ್ತ ಮಂಗವನ್ನು ಮುಟ್ಟಬಾರದು. ಹಾವೇರಿ ಜಿಲ್ಲೆಯ ಮಲೆನಾಡಿನ ಅಂಚಿನವರಂತೂ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮಂಗನ ಕಾಯಿಲೆ ಹರಡುವ ಉಣ್ಣೆಗಳು ಆ ಹೆಣದ ಸುತ್ತ ಇರಬಹುದು.

ಗುಡಿಯ ಮುಂದೆ, ಕ್ಯಾಂಪಸ್ಸಿನಲ್ಲಿ ಜನ ಬಾಳೆಹಣ್ಣು, ಶೇಂಗಾ ಎಸೆಯುವ ಕಡೆ ನೋಡಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಕಾಡಿನಲ್ಲಿ ಎಲೆ, ಕಾಯಿ ಹರಡಿಕೊಂಡಿರುತ್ತವೆ. ಜಗಳಾಡಿ ಗಳಿಸುವುದು ಕಡಿಮೆ. ಒಂದೇ ಕಡೆ ಬಿದ್ದ ರಾಶಿಯನ್ನು ಬಲಿಷ್ಠ ಪ್ರಾಣಿ ಕಾಯಬಲ್ಲದು, ಆದ್ದರಿಂದ ಕಚ್ಚಾಟ ಹೆಚ್ಚುತ್ತದೆ, ಮೇಲು-ಕೀಳು ಗಡುಸಾಗುತ್ತದೆ, ಕೆಳಗಿನ ಹೆಣ್ಣುಗಳು ಮರಿ ಕಟ್ಟಿಕೊಂಡು ದೂರ ಉಳಿಯುತ್ತವೆ. ಅದೇ ಗುಂಪು ಮಧ್ಯಾಹ್ನ ಆಲದ ಮರಕ್ಕೆ ಹೋದಾಗ ಇನ್ನೊಂದು ತಾಸಿನ ದಾಖಲೆ ತೆಗೆದು, ಎರಡು ಹಾಳೆಗಳಲ್ಲಿ ಜಗಳ ಎಷ್ಟು, ಹೇನು ಹೆಕ್ಕುವುದು ಎಷ್ಟು ಎಂದು ತಾಸಿನ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಜೇ ಮತ್ತು ಸುಗಿಯಾಮಾ ಅಷ್ಟು ಬೇರೆ ಬೇರೆ ಮುಸುವಗಳನ್ನು ಕಂಡದ್ದು ಹೇಗೆಂಬುದು ಆ ಎರಡು ಹಾಳೆಗಳಲ್ಲೇ ಅರ್ಧ ತಿಳಿಯುತ್ತದೆ.